ಹೋಲಿಕೆ ರಾಯರ ದುರ್ಬೀನು

ಪ್ರತಿ ಬಡಾವಣೆಗೂ ಒಬ್ಬ ಹೋಲಿಕೆ ರಾಯರು ಇದ್ದೇ ಇರುತ್ತಾರೆ. ರಾಯರು ಎಂಬುದು ಇಲ್ಲಿ ಮನೆತನದ ಹೆಸರಲ್ಲ, ಬಿರುದು; ಗೌಡರು, ಶೆಟ್ಟರು, ಪಾಟೀಲರು, ಭಟ್ಟರು ಯಾರು ಬೇಕಾದರೂ ಕಷ್ಟಪಟ್ಟು ಸಂಪಾದಿಸಬಹುದು. ಸಂಪಾದಿಸುವ ದಾರಿ ಒಂದೇ: ಯಾವ ವಸ್ತುವನ್ನೂ ಇನ್ನೊಂದರ ಪಕ್ಕದಲ್ಲಿಟ್ಟು ನೋಡದೆ ಕೊಳ್ಳಬಾರದು, ಆ ಇನ್ನೊಂದನ್ನು ಮೂರನೆಯದರ ಪಕ್ಕದಲ್ಲಿಟ್ಟು ನೋಡದೆ ನಂಬಬಾರದು. ಮಿಕ್ಸಿ ಬೇಕೆಂದು ಮನೆಯವರು ಕೇಳಿದರೆ ರಾಯರು ಮೋಟರಿನ ವಾಟು, ಜಾರಿನ ಉಕ್ಕು, ಬ್ಲೇಡಿನ ಕೋನ, ಸರ್ವೀಸ್ ಸೆಂಟರಿನ ದೂರ ಎಲ್ಲವನ್ನೂ ಪಟ್ಟಿ ಮಾಡುತ್ತಾರೆ. ಪಟ್ಟಿ ಮುಗಿಯುವಷ್ಟರಲ್ಲಿ ಮನೆಯವರು ಅಂಗಡಿಯ ಚಟ್ನಿಪುಡಿಗೆ ಒಗ್ಗಿಕೊಂಡಿರುತ್ತಾರೆ. 2023ರ ಆಗಸ್ಟ್ 23ರ ಸಂಜೆ ಚಂದ್ರಯಾನ-3 ಚಂದ್ರನ ಮೇಲೆ ಇಳಿದದ್ದನ್ನು ಟೀವಿಯಲ್ಲಿ ನೋಡಿದ ಮೇಲೆ ರಾಯರಿಗೆ ಆಕಾಶದ ಹುಚ್ಚು ಹಿಡಿಯಿತು. ಒಳ್ಳೆಯ ಹುಚ್ಚೇ. ಟೆಲಿಸ್ಕೋಪಿಗಿಂತ ಮೊದಲು ಬೈನಾಕ್ಯುಲರ್ ಕೊಳ್ಳುವುದು ಜಾಣತನ ಎಂದು ಮೊದಲ ವಾರದಲ್ಲೇ ಅವರಿಗೆ ಗೊತ್ತಾಯಿತು, ಅದೂ ಸರಿಯೇ. ಅಂದಿನಿಂದ ರಾಯರು ಬೈನಾಕ್ಯುಲರ್ ಕೊಳ್ಳುತ್ತಲೇ ಇದ್ದಾರೆ. ಇನ್ನೂ ಕೊಂಡಿಲ್ಲ.

ಇವರನ್ನು ಕಂಡು ನಗುವುದು ಸುಲಭ, ಇವರ ತಪ್ಪು ಎಲ್ಲಿದೆ ಎಂದು ಬೆರಳಿಟ್ಟು ತೋರಿಸುವುದು ಕಷ್ಟ. ರಾಯರು ಹೇಳುವ ಬಿಡಿ ಮಾತುಗಳೆಲ್ಲ ಸರಿಯಾಗಿಯೇ ಇರುತ್ತವೆ. ದೊಡ್ಡ ಮಸೂರ ಹೆಚ್ಚು ಬೆಳಕು ಹಿಡಿಯುತ್ತದೆ ಎನ್ನುತ್ತಾರೆ, ಹೌದು. ಒಳ್ಳೆಯ ಲೇಪನವಿದ್ದರೆ ಬೆಳಕು ಪೋಲಾಗುವುದಿಲ್ಲ ಎನ್ನುತ್ತಾರೆ, ಹೌದು. ಇಟಲಿಯ ಇಗ್ನಾಜಿಯೊ ಪೊರೊ 1854ರಲ್ಲಿ ಪೇಟೆಂಟ್ ಪಡೆದ ಪಟ್ಟಕದ ಜೋಡಣೆ ಇವತ್ತಿಗೂ ಕೊಟ್ಟ ದುಡ್ಡಿಗೆ ಮೋಸ ಮಾಡುವುದಿಲ್ಲ ಎನ್ನುತ್ತಾರೆ, ಅದಕ್ಕೂ ಹೌದು. ಇಷ್ಟೆಲ್ಲ ಸರಿಗಳನ್ನು ಕೂಡಿಸಿದ ಮೇಲೂ ಉತ್ತರ ತಪ್ಪಾಗುವುದೇ ಈ ವ್ಯಕ್ತಿತ್ವದ ವಿಶೇಷ. ಕಾರಣ ಇಷ್ಟೆ: ರಾಯರು ಗಾಜನ್ನು ಅಳೆಯುತ್ತಾರೆ, ಗಾಜನ್ನು ಎತ್ತಿ ಹಿಡಿಯುವ ಮನುಷ್ಯನನ್ನು ಅಳೆಯುವುದಿಲ್ಲ. ಮೊದಲ ಬೈನಾಕ್ಯುಲರಿನ ಯೋಗ್ಯತೆ ನಿರ್ಧಾರವಾಗುವುದು ಅದು ತಿಂಗಳಲ್ಲಿ ಎಷ್ಟು ರಾತ್ರಿ ಕಪಾಟಿನಿಂದ ಹೊರಗೆ ಬಂತು ಎಂಬುದರಿಂದ. ಅದನ್ನು ನಿರ್ಧರಿಸುವ ಅಂಕಿ ಡಬ್ಬದ ಮೇಲೆ ದಪ್ಪಕ್ಷರದಲ್ಲಿ ಇರುವುದಿಲ್ಲ. ಕೆಳಗೆ ಮೂಲೆಯಲ್ಲಿ, ಗ್ರಾಂ ಲೆಕ್ಕದಲ್ಲಿ ಇರುತ್ತದೆ. ಹಗುರವಾದದ್ದನ್ನು ಕೊಳ್ಳಿ, ಬೇಗ ಕೊಳ್ಳಿ ಎಂಬುದು ಈ ಬರಹದ ವಾದ. ರಾಯರು ಒಪ್ಪುವುದಿಲ್ಲ, ಅವರ ಆಕ್ಷೇಪಗಳಿಗೆ ಒಂದೊಂದಾಗಿ ಉತ್ತರ ಹೇಳಬೇಕು.

ಮೊದಲು ಲೆಕ್ಕ ಸ್ಪಷ್ಟವಾಗಲಿ. ಬೈನಾಕ್ಯುಲರಿನ ಮೇಲೆ 8×42 ಎಂದಿದ್ದರೆ ಅದು ದೂರದ್ದನ್ನು 8 ಪಟ್ಟು ಹತ್ತಿರ ತಂದು ತೋರಿಸುತ್ತದೆ, ಎದುರಿನ ಮಸೂರದ ಅಗಲ 42 ಮಿ.ಮೀ. ಇದೆ ಎಂದರ್ಥ. ಕತ್ತಲಲ್ಲಿ ಚೆನ್ನಾಗಿ ಅರಳಿದ ಎಳೆಯ ಕಣ್ಣಿನ ಪಾಪೆ ಸುಮಾರು 7 ಮಿ.ಮೀ. ಅಗಲ. ಮಸೂರ ಅದರ ಆರು ಪಟ್ಟು. ಹಾಗಾಗಿ ಅದು ಹಿಡಿಯುವ ಬೆಳಕು ಆರಾರಲೆ 36 ಪಟ್ಟು. ಜಾತಕ ಕೂಡಿಸುವವರ ಲೆಕ್ಕದಲ್ಲಿ 36 ಎಂದರೆ ಪೂರ್ಣಾಂಕ. 28 ಗುಣ ಕೂಡಿಬಂದರೆ ಸಾಕು, ಹುಡುಗಿಯ ಕಡೆಯವರು ಛತ್ರ ಹುಡುಕಲು ಹೊರಡುತ್ತಾರೆ. ರಾಯರು ಮಾತ್ರ ಪೂರ್ಣಾಂಕ ಬಂದ ಸಂಬಂಧವನ್ನೂ ಬದಿಗಿಟ್ಟು, ಇನ್ನೂ ಜಾತಕ ತರಿಸುತ್ತಲೇ ಇರುವ ವರನ ತಂದೆ. ಅವರ ಎಕ್ಸೆಲ್ ಹಾಳೆಯಲ್ಲಿ ಸಾಲಿಗೊಂದು ಮಾದರಿ, ಕಂಬಕ್ಕೊಂದು ಗುಣ: ಪಟ್ಟು, ಅಗಲ, ಪಟ್ಟಕದ ಗಾಜಿನ ಜಾತಿ, ಲೇಪನದ ಪದರ, ನೋಟದ ಹರವು, ಸಾರಜನಕ ತುಂಬಿದೆಯೋ ಇಲ್ಲವೋ, ಕುತ್ತಿಗೆಪಟ್ಟಿಯ ಅಗಲ. ಪಟ್ಟನ್ನೂ ಅಗಲವನ್ನೂ ಗುಣಿಸಿ ವರ್ಗಮೂಲ ತೆಗೆದು ಮುಸ್ಸಂಜೆಯ ಅಂಕವೆಂದು ಒಂದು ಕಂಬಕ್ಕೆ ತುಂಬಿದ್ದಾರೆ, 8×42ಕ್ಕೆ 18.3, 10×50ಕ್ಕೆ 22.4. ಮುಸ್ಸಂಜೆಯ ಅಂಕವಿದೆ, ರಾಯರು ಮನೆಯಿಂದ ಹೊರಗೆ ಬಂದ ಮುಸ್ಸಂಜೆಗಳಿಗೆ ಕಂಬವಿಲ್ಲ.

ರಾಯರ ಮೊದಲ ಒಲವು ದೊಡ್ಡ ಪಟ್ಟಿನ ಮೇಲೆ. 8 ಒಳ್ಳೆಯದಾದರೆ 20 ಇನ್ನೂ ಒಳ್ಳೆಯದಲ್ಲವೆ ಎಂಬುದು ಅವರ ಪ್ರಶ್ನೆ. ಬೈನಾಕ್ಯುಲರ್ ಪಕ್ಷಪಾತವಿಲ್ಲದ ಯಂತ್ರ. ನಕ್ಷತ್ರವನ್ನು 20 ಪಟ್ಟು ಹತ್ತಿರ ತಂದರೆ ಕೈನಡುಕವನ್ನೂ 20 ಪಟ್ಟು ಹಿಗ್ಗಿಸುತ್ತದೆ. ಮನುಷ್ಯ ಉಸಿರಾಡುವವರೆಗೆ, ಹೃದಯ ಹೊಡೆದುಕೊಳ್ಳುವವರೆಗೆ ಕೈ ಅಲುಗಲೇಬೇಕು. 10 ಪಟ್ಟಿನವರೆಗೆ ಹೇಗೋ ಸುಧಾರಿಸಬಹುದು; ಅದಕ್ಕೂ ಮೇಲೆ ಗುರುಗ್ರಹ ಒಂದು ಕಡೆ ನಿಲ್ಲದೆ ಕಪ್ಪು ಹಲಗೆಯ ಮೇಲೆ ಗೀಚತೊಡಗುತ್ತದೆ. ಎರಡನೆಯ ದಂಡ ನೋಟದ ಹರವಿನಲ್ಲಿ ತೆರಬೇಕು. ಸಾಧಾರಣ 8 ಪಟ್ಟಿನ ಬೈನಾಕ್ಯುಲರಿನಲ್ಲಿ 7ರಿಂದ 8 ಡಿಗ್ರಿಯಷ್ಟು ಆಕಾಶ ಒಮ್ಮೆಗೇ ಕಾಣುತ್ತದೆ. ಹುಣ್ಣಿಮೆಯ ಚಂದ್ರ ಅರ್ಧ ಡಿಗ್ರಿ, ಅಂದರೆ ಹದಿನಾಲ್ಕು ಹದಿನೈದು ಚಂದ್ರರನ್ನು ಸಾಲಾಗಿ ನಿಲ್ಲಿಸುವಷ್ಟು ಜಾಗ. 20 ಪಟ್ಟಿನಲ್ಲಿ ಅದು 3 ಡಿಗ್ರಿಯ ಆಸುಪಾಸಿಗೆ ಕುಗ್ಗುತ್ತದೆ. ಹೊಸಬನಿಗೆ ಕೃತ್ತಿಕೆಯಿಂದ ರೋಹಿಣಿಗೆ ಹೋಗುವಷ್ಟರಲ್ಲಿ ದಾರಿ ತಪ್ಪುತ್ತದೆ. ಇದನ್ನು ಹೇಳಿದರೆ ರಾಯರು ಹಾಳೆಯ ಇನ್ನೊಂದು ತುದಿಗೆ ಜಾರಿ, ನಡುಕವನ್ನು ತಾನೇ ತಡೆಯುವ, ಬ್ಯಾಟರಿ ಹಾಕುವ ಬೈನಾಕ್ಯುಲರನ್ನು ತೋರಿಸುತ್ತಾರೆ. ಅದು ನಿಜಕ್ಕೂ ಸೊಗಸಾದ ಉಪಕರಣ, ನಕ್ಷತ್ರವನ್ನು ಅಲುಗದಂತೆ ನಿಲ್ಲಿಸುತ್ತದೆ. ಬೆಲೆ ಕೇಳಿದ ಮೇಲೆ ಕೈ ನಡುಗುವುದನ್ನು ಮಾತ್ರ ಅದೂ ತಡೆಯಲಾರದು. ಪಟ್ಟನ್ನು ಬೇಕಾದಂತೆ ಏರಿಸಿ ಇಳಿಸುವ ಜೂಮ್ ಮಾದರಿಗಳ ಬಗ್ಗೆ ರಾಯರೇ ಮೂಗು ಮುರಿಯುತ್ತಾರೆ. ಆ ಒಂದು ವಿಷಯದಲ್ಲಿ ಅವರ ಮಾತನ್ನು ಕಣ್ಣುಮುಚ್ಚಿ ನಂಬಬಹುದು.

ಎರಡನೆಯ ಒಲವು ದೊಡ್ಡ ಮಸೂರದ ಮೇಲೆ. ಕೈ ನಡುಗಿದರೆ ಟ್ರೈಪಾಡ್ ಇದೆಯಲ್ಲ, 20×80 ತಂದು ಅದರ ಮೇಲೆ ಕೂರಿಸಿದರಾಯಿತು ಎನ್ನುತ್ತಾರೆ. ಈ ಸಲಹೆ ಅವರು ಓದಿದ ಪುಸ್ತಕಗಳದ್ದು. ಪುಸ್ತಕ ಬರೆದವರು ಲಂಡನ್ನಿನ ಅಕ್ಷಾಂಶದವರು. ಆಕಾಶ ನೋಡುವಾಗ ಕಾಲು ಯಾವ ಊರಿನ ಮೇಲಿದೆ ಎಂಬುದು ಮುಖ್ಯ. ಲಂಡನ್ನಿನಲ್ಲಿ ರೋಹಿಣಿ ಎಷ್ಟೇ ಮೇಲೇರಿದರೂ ನೆತ್ತಿಯಿಂದ ಸುಮಾರು 35 ಡಿಗ್ರಿ ಕೆಳಗೇ ಉಳಿಯುತ್ತದೆ. ಬೆಂಗಳೂರಿನಲ್ಲಿ ಅದೇ ರೋಹಿಣಿ ನೆತ್ತಿಯಿಂದ ಮೂರೂವರೆ ಡಿಗ್ರಿಯಷ್ಟೇ ಸರಿದು ಹಾದುಹೋಗುತ್ತದೆ. ಬೀದರಿನಲ್ಲಿ ಅಷ್ಟೂ ಅಂತರವಿಲ್ಲ. ಸಂಕ್ರಾಂತಿಯ ಹೊತ್ತಿಗೆ ರಾತ್ರಿ 9ರ ಸುಮಾರಿಗೆ ಹೊರಗೆ ಬಂದು ನಿಂತರೆ ರೋಹಿಣಿ ತಲೆಯ ಮೇಲೆ, ಅದರ ಪಕ್ಕದಲ್ಲೇ ಕೃತ್ತಿಕೆ. ಚಳಿಗಾಲದ ಶುಭ್ರ ಆಕಾಶದಲ್ಲಿ ಹೊಸಬರು ನೋಡಬೇಕಾದ ಬಹುಪಾಲು ವಸ್ತುಗಳು ನಮ್ಮಲ್ಲಿ ನೆತ್ತಿಯ ಆಸುಪಾಸಿನವೇ. ನೇರ ನೋಟದ ಬೈನಾಕ್ಯುಲರನ್ನು ಟ್ರೈಪಾಡಿನ ಮೇಲೆ ನೆತ್ತಿಗೆ ತಿರುಗಿಸಿದರೆ ನೋಡುವವನು ಅದರ ಕಾಲುಗಳ ನಡುವೆ ಕುಕ್ಕರಗಾಲಿನಲ್ಲಿ ಕೂತು ಕತ್ತನ್ನು ಹಿಂದಕ್ಕೆ ಮುರಿಯಬೇಕು. ಇಂಥ ಆಸನ ಯೋಗಶಾಸ್ತ್ರದಲ್ಲಿದ್ದರೂ ಇರಬಹುದು, ನಲವತ್ತೈದು ದಾಟಿದ ರಾಯರ ಸೊಂಟದಲ್ಲಿಲ್ಲ. ನೆತ್ತಿಯ ಆಕಾಶಕ್ಕೆ ಸರಿಯಾದ ಉಪಕರಣ ಚಾಪೆ, ಇಲ್ಲವೇ ಆರಾಮಕುರ್ಚಿ. ಒರಗಿ ಮಲಗಿ ಮೇಲೆ ನೋಡುವಾಗ ಬೈನಾಕ್ಯುಲರಿನ ಇಡೀ ಭಾರ ಬೀಳುವುದು ತೋಳಿನ ಮೇಲೆ, ಕಣ್ಣಿನ ಸುತ್ತಲಿನ ಮೂಳೆಯ ಮೇಲೆ. 8×42 ಸಾಮಾನ್ಯವಾಗಿ 600ರಿಂದ 750 ಗ್ರಾಂ ತೂಗುತ್ತದೆ. 10×50 ಒಂದು ಕೆಜಿಯ ಹತ್ತಿರ ಬರುತ್ತದೆ. 20×80 ಎರಡು ಕೆಜಿ ದಾಟುತ್ತದೆ. ಎರಡು ಕೆಜಿಯ ಕಬ್ಬಿಣದ ಬಾಣಲೆಯನ್ನು ಮುಖದ ಮೇಲೆ ಎತ್ತಿಹಿಡಿದು ಹತ್ತು ನಿಮಿಷ ಮಲಗಿರಬಲ್ಲವರು ರಾಯರ ಪಕ್ಷ ಸೇರಲು ಅಡ್ಡಿಯಿಲ್ಲ.

ಇಲ್ಲಿ ರಾಯರು ಒಂದು ಚುರುಕಾದ ಆಕ್ಷೇಪ ಎತ್ತುತ್ತಾರೆ. ಹಗುರವೇ ಪರಮಗುಣವಾದರೆ ಅಂಗಿಯ ಜೇಬಿಗೆ ಹೋಗುವ 8×21 ಕೊಂಡರಾಯಿತಲ್ಲ, ಅದರ ತೂಕ ಕಾಲು ಕೆಜಿಯ ಆಸುಪಾಸು; ಇಷ್ಟು ಉದ್ದದ ವಾದ ಏಕೆ ಎನ್ನುತ್ತಾರೆ. ನ್ಯಾಯವಾದ ಪ್ರಶ್ನೆ, ಉತ್ತರವೂ ಅವರ ಹಾಳೆಯಲ್ಲೇ ಇದೆ. ಮಸೂರದ ಅಗಲವನ್ನು ಪಟ್ಟಿನಿಂದ ಭಾಗಿಸಿದರೆ ಹಿಂಬದಿಯಿಂದ ಕಣ್ಣಿಗೆ ಬೀಳುವ ಬೆಳಕಿನ ಬಿಲ್ಲೆಯ ಅಗಲ ಸಿಗುತ್ತದೆ. 8×21ರಲ್ಲಿ ಅದು 2.6 ಮಿ.ಮೀ.; ಕತ್ತಲಲ್ಲಿ ಅರಳಿದ ಪಾಪೆಯ ಬಹುಭಾಗ ಖಾಲಿ ಉಳಿಯುತ್ತದೆ. ಹಿಡಿಯುವ ಬೆಳಕು 9 ಪಟ್ಟು ಮಾತ್ರ. ಹಗಲಿನಲ್ಲಿ ಕ್ರಿಕೆಟ್ ನೋಡಲು ಸಾಕು, ಇರುಳಿಗೆ ಸಾಲದು. ಇನ್ನೊಂದು ತುದಿಯಲ್ಲಿ ನೌಕಾಪಡೆಯವರು ಮೆಚ್ಚಿದ 7×50 ಇದೆ; ಅದರ ಬಿಲ್ಲೆ 7 ಮಿ.ಮೀ. ದಾಟುತ್ತದೆ. ಇಪ್ಪತ್ತರ ಹುಡುಗನ ಕಣ್ಣು ಅದನ್ನು ಪೂರ್ತಿ ಉಣ್ಣಬಲ್ಲದು. ವಯಸ್ಸಾದಂತೆ ಪಾಪೆ ಅರಳುವುದು ಕಡಿಮೆಯಾಗಿ, ನಡುವಯಸ್ಸಿಗೆ 5 ಮಿ.ಮೀ.ಯ ಆಸುಪಾಸಿಗೆ ಬಂದಿರುತ್ತದೆ. ಮಿಕ್ಕ ಬೆಳಕು ರೆಪ್ಪೆಯ ಮೇಲೆ ಚೆಲ್ಲಿ ಹೋಗುತ್ತದೆ. 8×42ರ ಬಿಲ್ಲೆ 5.25 ಮಿ.ಮೀ.; ಆಕಾಶದ ಹುಚ್ಚು ಹಿಡಿಯುವ ವಯಸ್ಸಿಗೆ ಹೇಳಿ ಮಾಡಿಸಿದಂತಿದೆ. ಹಗುರವಾಗಿರಲಿ ಎಂದರೆ ಈ ಹದ ಕೆಡದಷ್ಟು ಹಗುರ ಎಂದರ್ಥ. 40 ಮಿ.ಮೀ.ಗಿಂತ ತೀರ ಕೆಳಗಿಳಿದರೆ ಬೆಳಕು ಸಾಲದು, 50 ದಾಟಿದರೆ ತೋಳು ಸಾಲದು. ಕನ್ನಡಕ ಬಿಡದೆ ನೋಡುವವರು ಕಣ್ಣಿಗೂ ಹಿಂಬದಿಯ ಗಾಜಿಗೂ ಕನಿಷ್ಠ 15 ಮಿ.ಮೀ. ಅಂತರ ಸಿಗುವ ಮಾದರಿ ನೋಡಿಕೊಳ್ಳಬೇಕು. ಲೆಕ್ಕ ಇಲ್ಲಿಗೆ ಮುಗಿಯಿತು. ರಾಯರ ಹಾಳೆಯಲ್ಲಿ ಇನ್ನೂ ಹನ್ನೆರಡು ಕಂಬಗಳಿವೆ.

ಆದರೂ 10×50 ಹೆಚ್ಚು ತೋರಿಸುತ್ತದೆ ಎಂಬುದು ಸುಳ್ಳೇ? ಸುಳ್ಳಲ್ಲ. 50ರ ಮಸೂರ 42ರದಕ್ಕಿಂತ ಶೇಕಡ 40ರಷ್ಟು ಹೆಚ್ಚು ಬೆಳಕು ಹಿಡಿಯುತ್ತದೆ. ಕೇಳಲು ಭಾರಿ ಎನಿಸುವ ಈ ಅಂಕಿ ನಕ್ಷತ್ರಗಳ ಕಾಂತಿಮಾನದ ಲೆಕ್ಕಕ್ಕೆ ಬಂದಾಗ ಅರ್ಧ ಮಾನವೂ ಆಗುವುದಿಲ್ಲ. ಬೆಂಗಳೂರಿನ ನಡುವಿನಿಂದ ಬಸ್ಸು ಹತ್ತಿ ಬೀದಿದೀಪ ಕಡಿಮೆ ಇರುವ ಹಳ್ಳಿಗೆ ಹೋಗಿ ಇಳಿದರೆ ಬರಿಗಣ್ಣಿಗೇ ಎರಡು ಮಾನದಷ್ಟು ಲಾಭ. ಅಮಾವಾಸ್ಯೆಗೂ ಹುಣ್ಣಿಮೆಗೂ ಇರುವ ವ್ಯತ್ಯಾಸ ಇನ್ನೊಂದು. ಅದನ್ನು ತಿಳಿಯಲು ಗೋಡೆಯ ಮೇಲಿನ ಪಂಚಾಂಗದ ಕ್ಯಾಲೆಂಡರ್ ಸಾಕು. ಕತ್ತಲಿಗೆ ಕಣ್ಣು ಹೊಂದಿಕೊಳ್ಳಲು ಇಪ್ಪತ್ತು ಮೂವತ್ತು ನಿಮಿಷ ಬೇಕು. ಆ ಹೊತ್ತಿನಲ್ಲಿ ಮೊಬೈಲ್ ತೆಗೆದು ನೋಡದವನಿಗೆ ಸಿಗುವ ಲಾಭವೂ ಎರಡು ಮಾದರಿಗಳ ನಡುವಿನ ವ್ಯತ್ಯಾಸಕ್ಕಿಂತ ದೊಡ್ಡದು. ರಾಯರು ಮೊಬೈಲ್ ತೆಗೆಯದಿರಲಾರರು. ಆ ಇರುಳಿನಲ್ಲಿ ಯಾವ ಬೈನಾಕ್ಯುಲರ್ ಒಳ್ಳೆಯದು ಎಂದು ಅವರು ಓದುತ್ತಿರುವುದು ಅದರಲ್ಲೇ. ಅಂಗಡಿಯಲ್ಲಿ ದುಡ್ಡು ಕೊಟ್ಟು ಕೊಳ್ಳಬಹುದಾದ ಸುಧಾರಣೆ ಸಣ್ಣದು, ಪುಕ್ಕಟೆ ಸಿಗುವ ಸುಧಾರಣೆ ದೊಡ್ಡದು. ರಾಯರ ಶ್ರಮವೆಲ್ಲ ಸಣ್ಣದರ ಮೇಲೆ.

ಅಲ್ಪ ಗಾಜಿನಿಂದ ಬಹಳ ಕಂಡವರ ಉದಾಹರಣೆ ಚರಿತ್ರೆಯಲ್ಲಿ ಬೇಕಾದಷ್ಟಿದೆ. 1610ರ ಜನವರಿ 7ರಂದು ಗೆಲಿಲಿಯೊ ಗುರುಗ್ರಹದ ಪಕ್ಕದಲ್ಲಿ ಹೊಸ ಚುಕ್ಕಿಗಳನ್ನು ಕಂಡ ಕೊಳವೆ ಸುಮಾರು 20 ಪಟ್ಟಿನದು. ಗಾಜಿನ ಗುಣದಲ್ಲಿ ಇವತ್ತಿನ ಅಗ್ಗದ ಬೈನಾಕ್ಯುಲರಿಗೂ ಸಮವಲ್ಲ. ಕೃತ್ತಿಕೆಯಲ್ಲಿ ಆತ ಬಿಡಿಸಿದ ನಕ್ಷತ್ರಗಳು 36. ಮತ್ತೆ ಪೂರ್ಣಾಂಕವೇ ಬಂತು. ಇಂಗ್ಲೆಂಡಿನ ಶಾಲಾಮಾಸ್ತರ ಜಾರ್ಜ್ ಆಲ್ಕಾಕ್ 1983ರ ಮೇ ತಿಂಗಳಲ್ಲಿ ಮನೆಯೊಳಗೇ ಕೂತು, ಮುಚ್ಚಿದ ಕಿಟಕಿಯ ಗಾಜಿನ ಮೂಲಕ ಬೈನಾಕ್ಯುಲರ್ ಹಿಡಿದು ಒಂದು ಧೂಮಕೇತುವನ್ನು ಪತ್ತೆಹಚ್ಚಿದರು. ಅದು ಅವರ ಐದನೆಯ ಧೂಮಕೇತು. ರಾಯರು ತಟ್ಟನೆ ಕೈ ಎತ್ತುತ್ತಾರೆ: ಆಲ್ಕಾಕ್ ಹಿಡಿದದ್ದು 15×80 ಅಲ್ಲವೆ? ಹೌದು, ರಾಯರು ಓದಿಕೊಂಡಿದ್ದಾರೆ. ಆದರೆ ಆ ಕಿಟಕಿಯ ಬಳಿ ಕೆಲಸ ಮಾಡಿದ್ದು 80 ಮಿ.ಮೀ. ಗಾಜಿಗಿಂತ ಹೆಚ್ಚಾಗಿ ಆ ಮನುಷ್ಯನ ತಲೆ. ಸುಮಾರು 30,000 ನಕ್ಷತ್ರಗಳ ಜಾಗ ಅವರಿಗೆ ಬಾಯಿಪಾಠವಾಗಿತ್ತು ಎನ್ನುತ್ತಾರೆ. ಆಕಾಶದಲ್ಲಿ ನಿನ್ನೆ ಇಲ್ಲದ ಮಬ್ಬು ಇವತ್ತು ಇದೆ ಎಂದು ಹೇಳಬೇಕಾದರೆ ನಿನ್ನೆ ಏನಿತ್ತು ಎಂದು ಗೊತ್ತಿರಬೇಕು; ಗೊತ್ತಾಗಬೇಕಾದರೆ ನಿನ್ನೆಯೂ ನೋಡಿರಬೇಕು. ಆ ಪಾಠ ಕಲಿಯಲು ಬೇಕಾದದ್ದು ಪದೇ ಪದೇ ಎತ್ತಿಕೊಳ್ಳಲು ಮನಸ್ಸಾಗುವ ಬೈನಾಕ್ಯುಲರ್. ದೊಡ್ಡದು ಆಮೇಲೆ ಬರಲಿ, ಬೇಕೆನಿಸಿದರೆ.

ಮೂರನೆಯ ಆಕ್ಷೇಪ ನಗರದ್ದು. ಬೆಂಗಳೂರಿನಲ್ಲಿ ಎಲ್ಲಿಯ ನಕ್ಷತ್ರ, ಹೊಗೆ ಮತ್ತು ದೀಪ ಬಿಟ್ಟರೆ ಮೇಲೇನಿದೆ, ದುಡ್ಡು ದಂಡ ಎಂಬುದು ರಾಯರ ಮನೆಯಲ್ಲಿ ರಾಯರಿಗಿಂತ ಜೋರಾಗಿ ಕೇಳಿಬರುವ ಮಾತು. ನಗರದ ಬೆಳಕು ಆಕಾಶಗಂಗೆಯನ್ನು ನುಂಗಿರುವುದು ನಿಜ. ಚಂದ್ರನನ್ನು ನುಂಗಿಲ್ಲ, ಅಷ್ಟಮಿಯ ಆಸುಪಾಸಿನಲ್ಲಿ ಬೆಳಕು ನೆರಳಿನ ಅಂಚಿನುದ್ದಕ್ಕೂ ಕುಳಿಗಳು ಎದ್ದು ಕಾಣುತ್ತವೆ. ಗುರುವಿನ ನಾಲ್ಕು ಚಂದ್ರರನ್ನು ನುಂಗಿಲ್ಲ; ಮೊಣಕೈಯನ್ನು ಮಹಡಿಯ ಪ್ಯಾರಪೆಟ್ಟಿಗೆ ಊರಿ ಉಸಿರು ಹಿಡಿದರೆ 8 ಪಟ್ಟಿನಲ್ಲೂ ಸಿಗುತ್ತಾರೆ. ಶನಿಯ ಬಳೆ ಮಾತ್ರ ಇದರಲ್ಲಿ ಕಾಣುವುದಿಲ್ಲ. ಕಾಣುತ್ತದೆ ಎನ್ನುವ ಅಂಗಡಿಯವರ ಮಾತು ಕಿವಿಗೆ ಹಾಕಿಕೊಳ್ಳಬೇಡಿ. ಬರಿಗಣ್ಣಿಗೆ ಮಸುಕಾದ ಗುಂಪಾಗಿ ಕಾಣುವ ಕೃತ್ತಿಕೆಯಲ್ಲಿ ಹತ್ತಾರು ನೀಲಿ ಚುಕ್ಕಿಗಳು ನಗರದ ಮಾಳಿಗೆಯಿಂದಲೇ ಬಿಡಿಬಿಡಿಯಾಗುತ್ತವೆ. ಮಹಾವ್ಯಾಧನ ಖಡ್ಗದಲ್ಲಿರುವ ನೀಹಾರಿಕೆ ಸಣ್ಣ ಮಬ್ಬಾಗಿ ಸಿಗುತ್ತದೆ. ಊರಿಗೆ ಹೋದಾಗ ಇದೇ ಬೈನಾಕ್ಯುಲರ್ 25 ಲಕ್ಷ ಜ್ಯೋತಿರ್ವರ್ಷ ದೂರದ ದೇವಯಾನಿ ಗ್ಯಾಲಕ್ಸಿಯನ್ನು ತೋರಿಸುತ್ತದೆ. ಮೇ ತಿಂಗಳ ರಾತ್ರಿ 10ರ ಸುಮಾರಿಗೆ ದಕ್ಷಿಣದಲ್ಲಿ ಒಮೆಗಾ ಸೆಂಟಾರಿ ಎಂಬ ನಕ್ಷತ್ರಗಳ ದೊಡ್ಡ ಉಂಡೆ ಸಿಗುತ್ತದೆ. ಲಂಡನ್ನಿನವರಿಗೆ ಅದು ಉದಯಿಸುವುದೇ ಇಲ್ಲ. ಊರಿಗೆ ಹೋಗುವ ಚೀಲದಲ್ಲಿ ಬಟ್ಟೆಯ ನಡುವೆ ಕೂರುವುದು 8×42. ಎರಡು ಕೆಜಿಯ 20×80ಕ್ಕೆ ಟ್ರೈಪಾಡ್ ಸಮೇತ ಬಸ್ಸಿನಲ್ಲಿ ಇನ್ನೊಂದು ಸೀಟು ಹಿಡಿಯಬೇಕು.

ಅಷ್ಟಕ್ಕೆ ನೇರವಾಗಿ ಟೆಲಿಸ್ಕೋಪನ್ನೇ ಏಕೆ ಕೊಳ್ಳಬಾರದು ಎನ್ನುವವರೂ ಇದ್ದಾರೆ. ಕೊಳ್ಳಬಹುದು, ಆಕಾಶದ ದಾರಿ ಗೊತ್ತಿದ್ದರೆ. ಸಣ್ಣ ಟೆಲಿಸ್ಕೋಪು ಆಕಾಶದ ತೀರ ಚಿಕ್ಕ ತುಣುಕನ್ನು ತಲೆಕೆಳಗಾಗಿಯೋ ಎಡಬಲ ಮಾಡಿಯೋ ತೋರಿಸುತ್ತದೆ. ಅದನ್ನು ಹೊರಗೆ ತಂದು, ಕಾಲು ಜೋಡಿಸಿ, ಸರಿಪಡಿಸುವಷ್ಟರಲ್ಲಿ ಮೋಡ ಬಂದು, ಮನೆಯವರು ಊಟಕ್ಕೆ ಕರೆದು ಆಗಿರುತ್ತದೆ. ಬೈನಾಕ್ಯುಲರಿನಲ್ಲಿ ಮೇಲಿನದು ಮೇಲೆ, ಬಲದ್ದು ಬಲಕ್ಕೆ, ಕಣ್ಣಿಗಿಟ್ಟರೆ ಶುರು. ನಾಲ್ಕನೆಯ ಆಕ್ಷೇಪ ರಾಯರ ಹೃದಯಕ್ಕೆ ಹತ್ತಿರದ್ದು: ಅವಸರ ಮಾಡಿ ತಪ್ಪು ಮಾದರಿ ತಂದರೆ? ಈ ಭಯಕ್ಕೆ ಮದ್ದು ಅಂಗಡಿಯಲ್ಲಿ ಕಾಲು ಗಂಟೆಯ ಪರೀಕ್ಷೆ. ಮುಂದಿನ ಮಸೂರ ಹಸಿರು ಅಥವಾ ನೇರಳೆ ಛಾಯೆಯಲ್ಲಿ ಮಿನುಗಬೇಕು, ಕನ್ನಡಿಯ ಹಾಗೆ ಕೆಂಪಗೆ ಹೊಳೆಯಬಾರದು. ತೋಳಿನಳತೆ ದೂರ ಹಿಡಿದು ಬೆಳಗುವ ಗೋಡೆಯ ಕಡೆ ತಿರುಗಿಸಿದರೆ ಹಿಂಬದಿಯ ಬೆಳಕಿನ ಬಿಲ್ಲೆ ದುಂಡಗಿರಬೇಕು, ಅಂಚು ಕತ್ತರಿಸಿ ಚೌಕವಾಗಿರಬಾರದು. ಮೊದಲು ಎಡಗಣ್ಣಿಗೆ, ಆಮೇಲೆ ಬಲಗಣ್ಣಿನ ಬಳೆ ತಿರುಗಿಸಿ ಬಲಗಣ್ಣಿಗೆ ಹೊಂದಿಸಿಕೊಂಡು ದೂರದ ಕರೆಂಟು ಕಂಬ ನೋಡಿ; ಕಂಬ ಒಂದೇ ಕಾಣಬೇಕು, ಹುಬ್ಬು ಗಂಟಿಕ್ಕಬಾರದು. ಕೊನೆಯ ಪರೀಕ್ಷೆ ಎಲ್ಲಕ್ಕಿಂತ ದೊಡ್ಡದು: ಕತ್ತೆತ್ತಿ ಅಂಗಡಿಯ ಫ್ಯಾನನ್ನು ನೋಡುತ್ತ ಎರಡು ನಿಮಿಷ ನಿಲ್ಲಿ. ತೋಳು ನಡುಗಿದರೆ ಬೇರೆ ತೆಗೆಸಿ. ಮಲೆನಾಡು, ಕರಾವಳಿಯವರು ಸಾರಜನಕ ತುಂಬಿ ಮುಚ್ಚಿದ ಮಾದರಿಗೆ ಸ್ವಲ್ಪ ಹೆಚ್ಚು ಕೊಡುವುದು ನ್ಯಾಯ. ಮಳೆಗಾಲದ ತೇವಕ್ಕೆ ಗಾಜಿನೊಳಗೆ ಬೂಷ್ಟು ಹಿಡಿಯುತ್ತದೆ. ಬೆಂಗಳೂರಿನ ರಾಯರಿಗೂ ಜಲನಿರೋಧಕವೇ ಬೇಕು. ತುಂತುರು ಬಂದರೆ ಮಹಡಿಯ ಮೇಲೆ ಒಣಗಿದ ಬಟ್ಟೆ ತರಲೂ ಹೋಗದವರು ಅವರು.

ರಾಯರು ತಮಗೆ ಮಾತ್ರ ಕೊಳ್ಳದೆ ಉಳಿದಿದ್ದರೆ ಅದು ಅವರ ಮನೆಯ ವಿಷಯವಾಗುತ್ತಿತ್ತು. ಬಡಾವಣೆಯಲ್ಲಿ ಯಾರಿಗೆ ಬೈನಾಕ್ಯುಲರ್ ಬೇಕಾದರೂ ಮೊದಲು ಕೇಳುವುದು ಅವರನ್ನೇ, ಏಕೆಂದರೆ ಗೊತ್ತಿರುವುದು ಅವರಿಗೆ. ಕೇಳಿದವರಿಗೆ ಎಕ್ಸೆಲ್ ಹಾಳೆ ಬರುತ್ತದೆ, ಹಾಳೆ ಕಂಡವರು ಕ್ಯಾರಂ ಬೋರ್ಡ್ ಕೊಳ್ಳುತ್ತಾರೆ. ಇದಕ್ಕೆ ಹೊರತಾದವನು ಅವರ ಭಾವಮೈದುನ ಒಬ್ಬನೇ. ಕೇಳದೆ ಹೋಗಿ ಸಿಕ್ಕಿದ 8×40 ತಂದವನು. "ಏನಯ್ಯಾ, ಬ್ಯಾಕ್-4 ಗಾಜು ಹೌದೋ ಅಲ್ಲವೋ ನೋಡಿದೆಯಾ?" ಎಂದರೆ "ಅದು ನೋಡಲಿಲ್ಲ ಭಾವ, ಗುರುವಿನ ಚಂದ್ರ ನೋಡಿದೆ" ಎನ್ನುತ್ತಾನೆ. ರಾಯರು ಮರುಕದಿಂದ ತಲೆ ಅಲ್ಲಾಡಿಸುತ್ತಾರೆ. ಇದು ರಾಯರೊಬ್ಬರ ಗುಣವಲ್ಲ, ನಕ್ಷತ್ರದ ವಿಷಯದಲ್ಲಿ ನಮ್ಮೆಲ್ಲರ ಗುಣ. ನಮಗೆ ಮಳೆಗೂ ನಕ್ಷತ್ರ ಬೇಕು, ಮದುವೆಗೂ ಬೇಕು, ದೇವಸ್ಥಾನದಲ್ಲಿ ಅರ್ಚನೆಗೂ ಬೇಕು. ಗೋತ್ರದ ಜೊತೆಗೆ ರೋಹಿಣಿ ನಕ್ಷತ್ರ ಎಂದು ತಡವರಿಸದೆ ಹೇಳುವವರಲ್ಲಿ ಆ ರೋಹಿಣಿಯನ್ನು ಕಣ್ಣಾರೆ ಕಂಡವರು ಎಷ್ಟು ಮಂದಿ? ಮಟಮಟ ಮಧ್ಯಾಹ್ನ ಪುರೋಹಿತರು ಮದುಮಕ್ಕಳಿಗೆ ಅರುಂಧತಿ ತೋರಿಸುತ್ತಾರೆ. ಕಂಡಿತೆ ಎಂದರೆ ಇಬ್ಬರೂ ಕಂಡಿತು ಎನ್ನುತ್ತಾರೆ. ಸಂಸಾರದ ಮೊದಲ ಸುಳ್ಳನ್ನು ಒಟ್ಟಿಗೆ ಹೇಳಿಸುವ ಈ ಶಾಸ್ತ್ರ ಚೆನ್ನಾಗಿಯೇ ಇದೆ. ಆದರೆ ವಸಿಷ್ಠನ ಪಕ್ಕದ ಅರುಂಧತಿ ರಾತ್ರಿ ನಿಜವಾಗಿಯೂ ಕಾಣುತ್ತದೆ, 8 ಪಟ್ಟಿನಲ್ಲಿ ಇಬ್ಬರ ನಡುವಿನ ಅಂತರ ಸ್ಪಷ್ಟವಾಗುತ್ತದೆ. ನಕ್ಷತ್ರವನ್ನು ಹೆಸರಿನಲ್ಲಿ, ಪಂಚಾಂಗದಲ್ಲಿ, ಈಗ ಎಕ್ಸೆಲ್ಲಿನಲ್ಲಿ ಇಟ್ಟುಕೊಂಡು ಆಕಾಶದಲ್ಲಿ ನೋಡದಿರುವ ಹಳೆಯ ಅಭ್ಯಾಸಕ್ಕೆ ರಾಯರು ಹೊಸ ಕಂಬಗಳನ್ನು ಸೇರಿಸಿದ್ದಾರೆ, ಅಷ್ಟೆ.

ಆದ್ದರಿಂದ ಕೊಳ್ಳುವವರಿಗೆ ಹೇಳಬೇಕಾದದ್ದು ಇಷ್ಟು. 8×42 ಅಥವಾ 8×40, ತೂಕ ಮುಕ್ಕಾಲು ಕೆಜಿಯೊಳಗೆ, ಹೆಸರು ಕೇಳಿದ ಯಾವುದಾದರೂ ಕಂಪನಿಯದು, ಕೈಗೆ ಹಿತವಾದದ್ದು. ತೋಳಿನಲ್ಲಿ ಶಕ್ತಿಯೂ ಪ್ರಾಯವೂ ಇದ್ದರೆ 10×50. ಅದಕ್ಕಿಂತ ಮೇಲಿನದು ಮೊದಲನೆಯದಾಗಬಾರದು. ಸೂರ್ಯನ ಕಡೆಗೆ ಯಾವ ಕಾರಣಕ್ಕೂ ತಿರುಗಿಸಬೇಡಿ. ಮಕ್ಕಳ ಕೈಗೆ ಕೊಡುವುದು ಸೂರ್ಯ ಮುಳುಗಿದ ಮೇಲೆ. ಮೃಗಶಿರಾದಿಂದ ಸ್ವಾತಿಯವರೆಗಿನ ಮಳೆನಕ್ಷತ್ರಗಳು ಮುಗಿಯುವವರೆಗೆ ನಮ್ಮಲ್ಲಿ ಆಕಾಶವೇ ಇರುವುದಿಲ್ಲ, ಹಾಗಾಗಿ ಹೋಲಿಸುವ ಚಪಲವನ್ನು ಆ ತಿಂಗಳುಗಳಲ್ಲಿ ತೀರಿಸಿಕೊಳ್ಳಿ. ದೀಪಾವಳಿಯ ಅಮಾವಾಸ್ಯೆ ಕತ್ತಲಿಗೆ ಒಳ್ಳೆಯದಿದ್ದರೂ ಪಟಾಕಿಯ ಹೊಗೆಯ ಪಾಲು. ಮಾರನೆಯ ತಿಂಗಳ ಅಮಾವಾಸ್ಯೆಗೆ ಬೈನಾಕ್ಯುಲರ್ ಮನೆಯಲ್ಲಿರಲಿ. ಸಂಜೆಯೇ ಪೂರ್ವದಲ್ಲಿ ಕೃತ್ತಿಕೆ ಹುಟ್ಟಿರುತ್ತದೆ, ಅಲ್ಲಿಂದ ಶುರುಮಾಡಿ. ಯಾವುದನ್ನು ಕೊಳ್ಳಲಿ ಎಂಬ ಅನುಮಾನ ಆಗಲೂ ಉಳಿದಿದ್ದರೆ ಭಾವಮೈದುನನನ್ನು ಕೇಳಿ, ರಾಯರನ್ನಲ್ಲ.